ಮನೆಯ ರೆಕಾರ್ಡರ್‌ಗೆ ಬೀಗ ಹಾಕೋದು ಯಾರು? ಅಮೆರಿಕದಲ್ಲಿ 20 ವರ್ಷದ ಹಿಂದೆ ಕೋರ್ಟಲ್ಲಿ ಸೋತ ಜಗಳ ಮತ್ತೆ ಶುರು

ಡಿಟಿಎಚ್ ರೀಚಾರ್ಜ್ ಮುಗಿದರೆ ಮಾರನೇ ದಿನ ಟಿವಿ ಬರಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ಹೋದ ತಿಂಗಳು ದುಡ್ಡು ಕಟ್ಟಿದ್ದಾಗ ರೆಕಾರ್ಡ್ ಮಾಡಿಟ್ಟ ಸಿನಿಮಾ? ಹಲವು ಬಾಕ್ಸ್‌ಗಳಲ್ಲಿ ಅದೂ ತೆರೆಯಲ್ಲ. ಪೆನ್‌ಡ್ರೈವ್ ಕಿತ್ತು ಲ್ಯಾಪ್‌ಟಾಪ್‌ಗೆ ಹಾಕಿದರೆ ಫೈಲ್ ಓಡಲ್ಲ. ಬಾಕ್ಸ್ ಕೆಟ್ಟು ಕಂಪನಿಯವರು ಹೊಸದು ಕೊಟ್ಟರೆ ಹಳೇ ರೆಕಾರ್ಡಿಂಗ್ ಎಲ್ಲ ಹೋಯ್ತು ಅಂತಲೇ ಲೆಕ್ಕ.

ಅದೇ ಬೀದಿಯಲ್ಲಿ ಇನ್ನೊಬ್ಬರ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ ಅಂದುಕೊಳ್ಳಿ. ತಾಲ್ಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಸಾದಾ ಬಾಕ್ಸ್. ಅದರ ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿ, ಬೀಗ ಇಲ್ಲದ ಚಾನೆಲ್‌ನ ಕಾರ್ಯಕ್ರಮ ರೆಕಾರ್ಡ್ ಮಾಡಿದರೆ ಅದು ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಅಳಿಯನ ಮನೆ ಟಿವಿಯಲ್ಲೂ ಓಡುತ್ತೆ.

ಎರಡು ಮನೆಯಲ್ಲೂ ಮಾಳಿಗೆ ಮೇಲೆ ತಟ್ಟೆ ಇದೆ, ಕೆಳಗೆ ಡಬ್ಬಿ ಇದೆ, ರಿಮೋಟ್‌ನಲ್ಲಿ ಕೆಂಪು ಬಟನ್ ಇದೆ. ಒಂದಕ್ಕೆ ಬೀಗ, ಇನ್ನೊಂದಕ್ಕೆ ಇಲ್ಲ. ಈ ಬೀಗ ಹಾಕುವ ಅಧಿಕಾರ ಯಾರದ್ದು ಅನ್ನೋ ಪ್ರಶ್ನೆ ಬಹಿರಂಗವಾಗಿ, ಕೋರ್ಟಿನವರೆಗೂ ಹೋಗಿ ಚರ್ಚೆಯಾದದ್ದು ಅಮೆರಿಕದಲ್ಲಿ, 2003ರಿಂದ 2005ರ ನಡುವೆ. ಆಗ ಅಲ್ಲಿ ಒಂದಷ್ಟು ಜನ ಸರ್ಕಾರದ ಗಡುವು ಬರುವ ಮೊದಲೇ ಮನೆಯಲ್ಲೇ ಟಿವಿ ರೆಕಾರ್ಡರ್ ಜೋಡಿಸಿಕೊಳ್ಳೋಕೆ ಓಡಾಡಿದ್ದರು. ಅದೇ ಜಗಳ ಈಗ ಬೇರೆ ಹೆಸರಲ್ಲಿ ಮತ್ತೆ ಎದ್ದಿದೆ.

ಜುಲೈ 1ರ ಗಡುವು

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಆ ಜಗಳ ಕೇಬಲ್‌ದೂ ಅಲ್ಲ, ಡಿಶ್‌ದೂ ಅಲ್ಲ. ಆ್ಯಂಟೆನಾ ಹಾಕಿದರೆ ಪುಕ್ಕಟೆ ಬರುವ ಟಿವಿಯದ್ದು. ನಮ್ಮ ಕಡೆ ಮನೆ ಮೇಲೆ ಅಲ್ಯೂಮಿನಿಯಂ ಆ್ಯಂಟೆನಾ ತಿರುಗಿಸುತ್ತಾ, ಒಳಗಿನವರು "ಬಂತು ಬಂತು, ಬಿಡು" ಅಂತ ಕೂಗುತ್ತಿದ್ದ ದೂರದರ್ಶನದ ಕಾಲ ಇತ್ತಲ್ಲ, ಅಮೆರಿಕದಲ್ಲಿ ಆ ಪದ್ಧತಿ ಇವತ್ತಿಗೂ ಇದೆ. ಎನ್‌ಬಿಸಿ, ಸಿಬಿಎಸ್, ಫಾಕ್ಸ್‌ನಂಥ ದೊಡ್ಡ ಚಾನೆಲ್‌ಗಳು ಗಾಳಿಯಲ್ಲೇ ಬರುತ್ತವೆ. ತಿಂಗಳ ಬಿಲ್ ಇಲ್ಲ, ಜಾಹೀರಾತಿನ ದುಡ್ಡಲ್ಲಿ ನಡೆಯುತ್ತೆ.

2000ದ ಆಸುಪಾಸಿನಲ್ಲಿ ಈ ಪ್ರಸಾರ ಡಿಜಿಟಲ್ ಆಗತೊಡಗಿತು. ಆಗ ಹಾಲಿವುಡ್ ಸ್ಟುಡಿಯೋಗಳಿಗೆ ದಿಗಿಲು ಶುರುವಾಯ್ತು. ಹಳೇ ವಿಡಿಯೋ ಕ್ಯಾಸೆಟ್‌ನಲ್ಲಿ ಕಾಪಿಯ ಕಾಪಿ ಮಾಡಿದಷ್ಟೂ ಚಿತ್ರ ಮಂಜಾಗುತ್ತಿತ್ತು. ಇಲ್ಲಿ ವಿಸಿಪಿ ಬಾಡಿಗೆಗೆ ತಂದು ರಾತ್ರಿ ಇಡೀ ಸಿನಿಮಾ ನೋಡಿದವರಿಗೆ ಆ ಗೀರು, ಆ ಅಲುಗಾಟ ನೆನಪಿದ್ದೀತು. ಡಿಜಿಟಲ್‌ನಲ್ಲಿ ಹಾಗಾಗಲ್ಲ. ನೂರನೇ ಕಾಪಿಯೂ ಮೊದಲನೆಯದರ ಹಾಗೇ ಇರುತ್ತೆ. ಎಲ್ಲರೂ ರೆಕಾರ್ಡ್ ಮಾಡಿ ಇಂಟರ್ನೆಟ್‌ಗೆ ಹಾಕಿಬಿಟ್ಟರೆ ಡಿವಿಡಿ ಯಾರು ಕೊಳ್ಳುತ್ತಾರೆ ಅನ್ನೋದು ಅವರ ವಾದ. ರಕ್ಷಣೆ ಕೊಡದಿದ್ದರೆ ಒಳ್ಳೆ ಕಾರ್ಯಕ್ರಮಗಳನ್ನು ಪುಕ್ಕಟೆ ಟಿವಿಗೆ ಕೊಡಲ್ಲ, ದುಡ್ಡು ಕೊಟ್ಟು ನೋಡುವ ಚಾನೆಲ್‌ಗೆ ಒಯ್ಯುತ್ತೇವೆ ಅಂತ ಹೆದರಿಸಿದ್ದೂ ಉಂಟು. ಪೈರಸಿ ಭಯ ಪೂರಾ ಸುಳ್ಳೇನಲ್ಲ. ಸಿನಿಮಾ ಬಿಡುಗಡೆಯಾದ ದಿನವೇ ಮೊಬೈಲ್‌ಗೆ ಬರೋದನ್ನು ಕಂಡಿರುವ ಟಾಕೀಸ್ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 2003ರ ನವೆಂಬರ್‌ನಲ್ಲಿ ಒಂದು ನಿಯಮ ತಂದಿತು. ಹೆಸರು 'ಬ್ರಾಡ್‌ಕಾಸ್ಟ್ ಫ್ಲ್ಯಾಗ್', ಅಂದ್ರೆ ಪ್ರಸಾರದ ಬಾವುಟ. ಕಾರ್ಯಕ್ರಮದ ಸಿಗ್ನಲ್ ಜೊತೆ ಒಂದು ಸಣ್ಣ ಗುರುತು ಬರುತ್ತೆ. 2005ರ ಜುಲೈ 1ರಿಂದ ಮಾರುಕಟ್ಟೆಗೆ ಬರುವ ಪ್ರತಿ ಡಿಜಿಟಲ್ ಟಿವಿ, ಪ್ರತಿ ಟ್ಯೂನರ್ ಕಾರ್ಡ್, ಪ್ರತಿ ರೆಕಾರ್ಡರ್ ಆ ಗುರುತನ್ನು ಹುಡುಕಿ ನೋಡಬೇಕು. ಗುರುತು ಇದ್ದರೆ ಆ ಕಾರ್ಯಕ್ರಮ ಪೂರ್ತಿ ಗುಣಮಟ್ಟದಲ್ಲಿ, ಬೀಗವಿಲ್ಲದೆ ಡಬ್ಬಿಯಿಂದ ಆಚೆ ಹೋಗಬಾರದು.

ಗಮನಿಸಿ, ಸಿಗ್ನಲ್‌ಗೆ ಬೀಗ ಇರಲಿಲ್ಲ. ಕಾರ್ಯಕ್ರಮ ಗಾಳಿಯಲ್ಲಿ ತೆರೆದೇ ಬರುತ್ತಿತ್ತು. ಬೀಗ ಹಾಕಬೇಕಿದ್ದದ್ದು ಡಬ್ಬಿ ಮಾಡುವವನು. ಹಾಗಾಗಿ ಬಾವುಟವನ್ನೇ ನೋಡದ ಹಳೇ ಡಬ್ಬಿ ಇಟ್ಟುಕೊಂಡವನಿಗೆ ನಿಯಮ ತಟ್ಟುತ್ತಲೇ ಇರಲಿಲ್ಲ. ಗಡುವಿನ ಮೊದಲು ಕೊಂಡ ಯಂತ್ರವನ್ನು ಆಮೇಲೂ ಬಳಸಬಹುದಿತ್ತು. ಜನ ಓಡಾಡಿದ್ದು ಇದಕ್ಕೇ.

ಮನೆಯಲ್ಲೇ ಜೋಡಿಸಿದ ಡಬ್ಬಿ

ಬೇಕಾಗಿದ್ದ ಸಾಮಾನು ಬಹಳವೇನಲ್ಲ. ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್, ದೊಡ್ಡ ಹಾರ್ಡ್ ಡಿಸ್ಕ್, ಒಂದು ಡಿಜಿಟಲ್ ಟ್ಯೂನರ್ ಕಾರ್ಡ್, ಆ್ಯಂಟೆನಾ ವೈರ್. ಅಮೆರಿಕದ ಪಿಸಿಎಚ್‌ಡಿಟಿವಿ ಅನ್ನೋ ಸಣ್ಣ ಕಂಪನಿ ಲಿನಕ್ಸ್‌ಗೆ ಅಂತಲೇ ಎಚ್‌ಡಿ-3000 ಹೆಸರಿನ ಕಾರ್ಡ್ ಮಾರುತ್ತಿತ್ತು. ಅದು ಬಾವುಟ ನೋಡುವ ಕಾರ್ಡ್ ಅಲ್ಲ. ಗಾಳಿಯಲ್ಲಿ ಬಂದ ಸಿಗ್ನಲ್‌ನ್ನು ಹಾಗೇ ಡಿಸ್ಕ್‌ಗೆ ಬರೆಯುತ್ತಿತ್ತು, ಅಷ್ಟೇ.

ಆಗಿನ ಅಮೆರಿಕನ್ ಡಿಜಿಟಲ್ ಚಾನೆಲ್ ಸೆಕೆಂಡಿಗೆ ಗರಿಷ್ಠ 19.39 ಮೆಗಾಬಿಟ್ ಕಳಿಸುತ್ತಿತ್ತು. ಲೆಕ್ಕ ಹಾಕಿದರೆ ಒಂದು ಗಂಟೆಗೆ ಹತ್ತಿರ ಹತ್ತಿರ 8.7 ಜಿಬಿ. 200 ಜಿಬಿ ಡಿಸ್ಕ್ ಇದ್ದರೂ 23 ಗಂಟೆಯಷ್ಟು ಕಾರ್ಯಕ್ರಮಕ್ಕೇ ತುಂಬಿಹೋಗುತ್ತಿತ್ತು. ಇವತ್ತು ಮೊಬೈಲ್‌ನಲ್ಲೇ ಅಷ್ಟು ಜಾಗ ಇರುತ್ತೆ. ಆಗ ಅದೇ ದೊಡ್ಡ ಡಿಸ್ಕ್. ರೆಕಾರ್ಡ್ ಮಾಡೋದು ಸುಲಭ, ಎಚ್‌ಡಿ ಚಿತ್ರವನ್ನು ತಡವರಿಸದೆ ತೋರಿಸೋದೇ ಕಷ್ಟ. ಸಾಧಾರಣ ಪ್ರೊಸೆಸರ್‌ಗೆ ಅದು ಏದುಸಿರಿನ ಕೆಲಸ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತಿತ್ತು.

ಇನ್ನು ಸಾಫ್ಟ್‌ವೇರ್. ಮಿತ್‌ಟಿವಿ ಅನ್ನೋ ಉಚಿತ ಪ್ರೋಗ್ರಾಂ 2002ರಲ್ಲಿ ಶುರುವಾಗಿತ್ತು. ಅದರ ಮೂಲ ಬರಹ ತೆರೆದಿಟ್ಟದ್ದು, ಯಾರು ಬೇಕಾದರೂ ನೋಡಿ ತಿದ್ದಬಹುದು. ವಾರದ ಧಾರಾವಾಹಿ ತಾನಾಗೇ ರೆಕಾರ್ಡ್ ಆಗೋದು, ಲೈವ್ ಮ್ಯಾಚ್ ನಿಲ್ಲಿಸಿ ಊಟ ಮಾಡಿ ಬಂದು ಮುಂದುವರಿಸೋದು, ಜಾಹೀರಾತು ದಾಟಿಸೋದು ಎಲ್ಲ ಅದರಲ್ಲಿತ್ತು. ಲಿನಕ್ಸ್ ಹಾಕೋದು ಬಾರದವರಿಗೆ ನಾಪ್‌ಮಿತ್ ಅನ್ನೋ ಸಿ.ಡಿ. ಇತ್ತು. ಸಿ.ಡಿ. ಹಾಕಿ ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಡಬ್ಬಿ ತಯಾರು. ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇದನ್ನೇ ಚಳವಳಿ ಮಾಡಿಕೊಂಡಿತು. ಗಡುವಿನ ಮೊದಲು ಕಾರ್ಡ್ ಕೊಂಡಿಡಿ ಅಂತ ಹೇಳಿ, ಜನರನ್ನು ಒಂದೆಡೆ ಸೇರಿಸಿ ಕೂತು ಜೋಡಿಸುವ ಕಮ್ಮಟವನ್ನೂ ನಡೆಸಿತು.

ಇಷ್ಟಕ್ಕೂ ಕಂಪನಿಯ ರೆಕಾರ್ಡರ್ ಅಂಗಡಿಯಲ್ಲಿ ಸಿಗುತ್ತಿರುವಾಗ ಈ ತಾಪತ್ರಯ ಯಾಕೆ? ನಿಯಮದ ಒಳಗಿನ ಒಂದು ಷರತ್ತು ನೋಡಿದರೆ ಗೊತ್ತಾಗುತ್ತೆ. ಡಬ್ಬಿಯನ್ನು ಸಾಮಾನ್ಯ ಬಳಕೆದಾರ ಬಿಚ್ಚಿ ಬದಲಿಸೋಕೆ ಆಗದಂತೆ ಗಟ್ಟಿಯಾಗಿ ಮಾಡಬೇಕು ಅಂತಿತ್ತು. ಮಿತ್‌ಟಿವಿಯ ಜೀವಾಳವೇ ಬಿಚ್ಚಿ ಬದಲಿಸೋದು. ಬಾನೆಟ್‌ಗೆ ವೆಲ್ಡಿಂಗ್ ಹೊಡೆದು, ಗಾಡಿ ನಿಮ್ಮದೇ ಓಡಿಸಿಕೊಳ್ಳಿ ಅಂದ ಹಾಗೆ. ಯಾರನ್ನೂ ಹೆಸರಿಟ್ಟು ನಿಷೇಧಿಸದೆಯೇ, ಮನೆಯಲ್ಲಿ ಜೋಡಿಸುವವರೆಲ್ಲ ಆ ಒಂದು ಷರತ್ತಿನಿಂದ ಹೊರಗೆ ಬೀಳುತ್ತಿದ್ದರು. ಬೀದಿ ಬದಿಯ ರಿಪೇರಿ ಅಂಗಡಿಯವರಿಗೆ ಇದರ ಅರ್ಥ ಬೇಗ ಆದೀತು.

ದೊಡ್ಡ ಕಂಪನಿಗಳೂ ಕೈಕಟ್ಟಿ ನಿಲ್ಲಬೇಕಾಯ್ತು. ಟಿವೋ ಅನ್ನೋದು ಅಲ್ಲಿ ಮನೆಮಾತಾಗಿದ್ದ ರೆಕಾರ್ಡರ್. ಗ್ರಾಹಕ ತಾನು ರೆಕಾರ್ಡ್ ಮಾಡಿದ್ದನ್ನು ತನ್ನದೇ ಇನ್ನೊಂದು ಯಂತ್ರಕ್ಕೆ ಕಳಿಸುವ ಸೌಲಭ್ಯ ಕೊಡೋಕೆ ಅದು ಎಫ್‌ಸಿಸಿ ಮುಂದೆ ಅರ್ಜಿ ಹಾಕಿತು. ಸಿನಿಮಾ ಸ್ಟುಡಿಯೋಗಳ ಸಂಘವೂ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ ಕೂಡ ವಿರೋಧ ಮಾಡಿದವು. 2004ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಸಿಕ್ಕಿತು ಅನ್ನೋದು ಸರಿ. ಆದರೆ ಹೊಸ ಸೌಲಭ್ಯ ಒಂದನ್ನು ಮಾರುಕಟ್ಟೆಗೆ ತರೋಕೆ ಸರ್ಕಾರಿ ಕಚೇರಿಯಲ್ಲಿ ಫುಟ್‌ಬಾಲ್ ಲೀಗ್ ಎದುರು ವಾದ ಮಾಡಬೇಕಾಯ್ತಲ್ಲ, ಸಣ್ಣ ಕಂಪನಿ ಆಗಿದ್ದರೆ ಗತಿ ಏನು?

56 ದಿನ ಮೊದಲು ಬಂದ ತೀರ್ಪು

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್, ಪಬ್ಲಿಕ್ ನಾಲೆಜ್ ಮತ್ತಿತರ ಸಂಘಟನೆಗಳು ಕೋರ್ಟಿಗೆ ಹೋದವು. ಲೈಬ್ರರಿಯವರಿಗೆ ಟಿವಿ ರೆಕಾರ್ಡರ್ ಜೊತೆ ಏನು ಸಂಬಂಧ ಅಂತ ಅನ್ನಿಸಬಹುದು. ಕೋರ್ಟಿಗೂ ಅದೇ ಅನುಮಾನ ಬಂತು. ನಿಮಗೆ ಆಗುವ ನಷ್ಟ ಏನು ತೋರಿಸಿ ಅಂತ ಕೇಳಿತು. ಆಗ ಕೈಹಿಡಿದದ್ದು ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಲೈಬ್ರರಿ. ದೂರಶಿಕ್ಷಣದ ಪಾಠಕ್ಕೆ ಟಿವಿ ಕಾರ್ಯಕ್ರಮದ ತುಣುಕುಗಳನ್ನು ಒದಗಿಸಿ ಮೇಷ್ಟ್ರುಗಳಿಗೆ ನೆರವಾಗುತ್ತೇವೆ, ನಿಯಮ ಬಂದರೆ ಅದು ನಿಲ್ಲುತ್ತೆ ಅಂತ ಅಲ್ಲಿಂದ ಪ್ರಮಾಣಪತ್ರ ಬಂತು. ಕೇಸು ಉಳಿದುಕೊಂಡಿತು.

2005ರ ಮೇ 6ರಂದು ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ಒಮ್ಮತದಿಂದ ನಿಯಮವನ್ನು ತಳ್ಳಿಹಾಕಿದರು. ಗಡುವಿಗೆ ಉಳಿದಿದ್ದದ್ದು 56 ದಿನ. ತೀರ್ಪು ಬರೆದವರು ನ್ಯಾಯಮೂರ್ತಿ ಹ್ಯಾರಿ ಎಡ್ವರ್ಡ್ಸ್. ಪೈರಸಿ ಒಳ್ಳೇದೋ ಕೆಟ್ಟದ್ದೋ ಅನ್ನೋ ಗೋಜಿಗೇ ಕೋರ್ಟ್ ಹೋಗಲಿಲ್ಲ. ಎಫ್‌ಸಿಸಿ ಅಧಿಕಾರ ಪ್ರಸಾರ ನಡೆಯುವಾಗಿನದ್ದು. ಸಿಗ್ನಲ್ ಮನೆಗೆ ಬಂದು ಮುಟ್ಟಿದ ಮೇಲೆ ಡಬ್ಬಿ ಅದನ್ನು ಏನು ಮಾಡಬೇಕು ಅಂತ ಹೇಳುವ ಅಧಿಕಾರವನ್ನು ಸಂಸತ್ತು ಎಫ್‌ಸಿಸಿಗೆ ಕೊಟ್ಟೇ ಇಲ್ಲ ಅಂತ ಹೇಳಿತು. ವಿಚಾರಣೆ ವೇಳೆ ಎಡ್ವರ್ಡ್ಸ್, ಮುಂದಿನ ಸರದಿ ವಾಷಿಂಗ್ ಮೆಷಿನ್‌ದಾ ಅನ್ನೋ ಅರ್ಥದಲ್ಲಿ ಆಯೋಗದ ವಕೀಲರನ್ನು ಕೇಳಿದ್ದರು.

ಇದಕ್ಕೆ ಹಿಂದಿನ ಒಂದು ತೀರ್ಪೂ ಇಲ್ಲಿ ನೆನಪಾಗಬೇಕು. 1984ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಕ್ಯಾಸೆಟ್ ರೆಕಾರ್ಡರ್ ವಿರುದ್ಧ ಯೂನಿವರ್ಸಲ್ ಸ್ಟುಡಿಯೋ ಹಾಕಿದ್ದ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಅಂತರದಲ್ಲಿ ಸೋನಿ ಪರ ನಿಂತಿತ್ತು. ಈಗ ಬರುವ ಕಾರ್ಯಕ್ರಮವನ್ನು ಆಮೇಲೆ ನೋಡೋಕೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳೋದು ತಪ್ಪಲ್ಲ ಅಂತ. ಒಬ್ಬ ನ್ಯಾಯಮೂರ್ತಿ ಆಚೆ ಕಡೆ ವಾಲಿದ್ದರೆ ವಿಸಿಆರ್‌ನ ಕಥೆಯೇ ಬೇರೆ ಆಗುತ್ತಿತ್ತು. ಮುಂದೆ ಕ್ಯಾಸೆಟ್ ಮಾರಾಟದಿಂದಲೇ ಸ್ಟುಡಿಯೋಗಳಿಗೆ ದೊಡ್ಡ ಆದಾಯ ಬಂತು ಅನ್ನೋದು ಬೇರೆ ಮಾತು.

ಬಾವುಟ ಬಿತ್ತು. ಪುಕ್ಕಟೆ ಟಿವಿಯೇನೂ ಮುಳುಗಲಿಲ್ಲ. ಚಾನೆಲ್‌ಗಳು ಎಚ್‌ಡಿ ಪ್ರಸಾರ ನಡೆಸುತ್ತಲೇ ಹೋದವು. ಸತ್ತ ನಿಯಮವನ್ನು ಎಫ್‌ಸಿಸಿ 2011ರಲ್ಲಿ ಪುಸ್ತಕದಿಂದಲೂ ತೆಗೆದುಹಾಕಿತು.

ಹಾಗಂತ ಮನೆಯಲ್ಲಿ ಜೋಡಿಸಿಕೊಂಡವರು ಪೂರ್ತಿ ಸ್ವತಂತ್ರರಾದರಾ ಅಂದರೆ ಅದೂ ಇಲ್ಲ. ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಅನ್ನೋ ಪಟ್ಟಿ ಇಲ್ಲದೆ ರೆಕಾರ್ಡರ್ ಕುರುಡು. ಮಿತ್‌ಟಿವಿಗೆ ಆ ಪಟ್ಟಿಯನ್ನು ಜ್ಯಾಪ್‌ಟುಇಟ್ ಲ್ಯಾಬ್ಸ್ ಪುಕ್ಕಟೆ ಕೊಡುತ್ತಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿತು. ಬಳಕೆದಾರರೇ ಸೇರಿ ಷೆಡ್ಯೂಲ್ಸ್ ಡೈರೆಕ್ಟ್ ಅನ್ನೋ ಲಾಭವಿಲ್ಲದ ಸಂಸ್ಥೆ ಕಟ್ಟಿ, ಚಂದಾ ಹಾಕಿಕೊಂಡು ಪಟ್ಟಿ ತರಿಸಬೇಕಾಯ್ತು.

ನಿಯಮ ಹೋಯ್ತು, ಬೀಗ ಉಳೀತು

2008ರ ಮೇ ತಿಂಗಳಲ್ಲಿ ಒಂದು ಘಟನೆ ನಡೀತು. ಎನ್‌ಬಿಸಿಯ ಕೆಲವು ಕಾರ್ಯಕ್ರಮ ರೆಕಾರ್ಡ್ ಮಾಡೋಕೆ ಹೋದ ವಿಂಡೋಸ್ ವಿಸ್ಟಾ ಮೀಡಿಯಾ ಸೆಂಟರ್ ಬಳಕೆದಾರರಿಗೆ ರೆಕಾರ್ಡಿಂಗ್ ಆಗಲೇ ಇಲ್ಲ. ಚಾನೆಲ್ ಕಡೆಯಿಂದ ಒಂದು ನಿಷೇಧದ ಗುರುತು ಹೋಗಿತ್ತು, ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಅದಕ್ಕೆ ತಲೆಬಾಗಿತ್ತು. ಕಣ್ತಪ್ಪಿನಿಂದ ಆಯ್ತು ಅಂತ ಚಾನೆಲ್ ಹೇಳಿತು. ಇರಲಿ. ಆದರೆ ಹಾಗೆ ತಲೆಬಾಗಬೇಕು ಅನ್ನೋ ಕಾನೂನೇ ಆಗ ಇರಲಿಲ್ಲ. ಡಬ್ಬಿ ತಾನಾಗೇ ವಿಧೇಯ ಆಗಿತ್ತು. ಅದೇ ಹೊತ್ತಲ್ಲಿ ಮನೆಯಲ್ಲಿ ಜೋಡಿಸಿದ ಲಿನಕ್ಸ್ ಡಬ್ಬಿಗೆ ಆ ಗುರುತಿನ ಹಂಗೇ ಇರಲಿಲ್ಲ.

ಜಪಾನ್ ಇನ್ನೂ ಬಿಗಿ. ಅಲ್ಲಿ 2004ರ ಏಪ್ರಿಲ್‌ನಿಂದ ಪುಕ್ಕಟೆ ಡಿಜಿಟಲ್ ಟಿವಿ ನೋಡೋಕೂ ಬಿ-ಕ್ಯಾಸ್ ಅನ್ನೋ ಕಾರ್ಡ್ ಬೇಕಾಯ್ತು. ರೆಕಾರ್ಡ್ ಮಾಡಿದ್ದಕ್ಕೆ ಒಂದೇ ಪ್ರತಿ. ಡಿವಿಡಿಗೆ ಹಾಕಿದರೆ ಹಾರ್ಡ್ ಡಿಸ್ಕ್‌ನಲ್ಲಿದ್ದದ್ದು ಅಳಿಸಿಹೋಗುತ್ತಿತ್ತು. ಡಿವಿಡಿ ಬರೆಯುವಾಗ ಕೆಟ್ಟರೆ ಎರಡೂ ಗೋವಿಂದ. ಗ್ರಾಹಕರು ಗೊಣಗಿ ಗೊಣಗಿ 2008ರ ಜುಲೈನಲ್ಲಿ ಅದನ್ನು ಹತ್ತು ಪ್ರತಿಗೆ ಸಡಿಲಿಸಿದರು.

ಈಗ ಅಮೆರಿಕಕ್ಕೇ ಬಂದರೆ, ಅಲ್ಲಿ ಎಟಿಎಸ್‌ಸಿ 3.0 ಅನ್ನೋ ಹೊಸ ಪ್ರಸಾರ ಪದ್ಧತಿ ಬರುತ್ತಿದೆ. ಎಫ್‌ಸಿಸಿ 2017ರಲ್ಲಿ ಅನುಮತಿ ಕೊಟ್ಟದ್ದು. ಚಿತ್ರ ಚೆನ್ನಾಗಿರುತ್ತೆ, ಸಿಗ್ನಲ್ ಗಟ್ಟಿ. ಆದರೆ ಈ ಸಲ ಬಾವುಟದ ಕಥೆ ಅಲ್ಲ, ಸಿಗ್ನಲ್‌ಗೇ ಬೀಗ. ಹಲವು ಸ್ಟೇಷನ್‌ಗಳು ತಮ್ಮ ಪುಕ್ಕಟೆ ಪ್ರಸಾರವನ್ನೇ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತಿವೆ. ಕೀಲಿ ಕೊಡೋದು ಸರ್ಕಾರ ಅಲ್ಲ, ಪ್ರಸಾರ ಕಂಪನಿಗಳೇ ಕಟ್ಟಿಕೊಂಡ ಎ3ಎಸ್‌ಎ ಅನ್ನೋ ಸಂಸ್ಥೆ. ಆ್ಯಂಟೆನಾ ಸಿಗ್ನಲ್ ಹಿಡಿದು ಮನೆಯ ಎಲ್ಲಾ ಟಿವಿ, ಫೋನ್‌ಗೆ ಹಂಚುವ ಎಚ್‌ಡಿಹೋಮ್‌ರನ್ ಅನ್ನೋ ಜನಪ್ರಿಯ ಡಬ್ಬಿ ಇದೆ. ಹೊಸ ಪದ್ಧತಿಯ ಟ್ಯೂನರ್ ಅದರ ಹೊಸ ಮಾದರಿಯಲ್ಲಿದೆ, ಆದರೆ ಬೀಗ ಹಾಕಿದ ಚಾನೆಲ್ ಅದರಲ್ಲಿ ತೆರೆಯಲ್ಲ.

ಸದ್ಯಕ್ಕೆ ಹಳೇ ಪದ್ಧತಿಯ ಪ್ರಸಾರ ಪಕ್ಕದಲ್ಲೇ ನಡೀತಿರೋದರಿಂದ ರೆಕಾರ್ಡರ್‌ಗಳಿಗೆ ಜೀವ ಇದೆ. ಅದನ್ನು ದೊಡ್ಡ 55 ಮಾರುಕಟ್ಟೆಗಳಲ್ಲಿ 2028ರ ಫೆಬ್ರವರಿಗೆ, ಉಳಿದ ಕಡೆ 2030ರ ಫೆಬ್ರವರಿಗೆ ಮುಗಿಸಿ ಅಂತ ಪ್ರಸಾರಕರ ಸಂಘ ಎನ್‌ಎಬಿ 2025ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಫ್‌ಸಿಸಿ, ಹಳೇ ಪ್ರಸಾರ ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಸ್ಟೇಷನ್‌ಗಳಿಗೇ ಬಿಡುವ ಪ್ರಸ್ತಾಪ ಇಟ್ಟು, ಬೀಗದ ವಿಷಯದಲ್ಲೂ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಬೀಗ ಬೇಡ ಅಂತ ಸಾವಿರಾರು ಜನ ಬರೆದಿದ್ದಾರೆ.

2005ರಲ್ಲಿ ಡಬ್ಬಿಯನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಪಾರಾಗಬಹುದಿತ್ತು. ಸಿಗ್ನಲ್ಲೇ ಬೀಗ ಹಾಕಿಕೊಂಡು ಬಂದರೆ ಎಷ್ಟು ಮುಂಚೆ ಜೋಡಿಸಿದ ಡಬ್ಬಿಯೂ ಕೆಲಸಕ್ಕೆ ಬಾರದು. ಆಗ ನಿಯಮ ಮಾಡಿದ್ದು ಸರ್ಕಾರ, ಅದಕ್ಕೇ ಕೋರ್ಟಲ್ಲಿ ಕೇಳೋಕಾಯ್ತು. ಈಗಿನದ್ದು ಕಂಪನಿ ಕಂಪನಿಗಳ ನಡುವಿನ ಒಪ್ಪಂದ. ಗ್ರಾಹಕ ಯಾರ ಮೇಲೆ ಕೇಸು ಹಾಕಬೇಕು?

ಇಲ್ಲಿ ಕೇಳಿದವರೇ ಇಲ್ಲ

ಭಾರತದಲ್ಲಿ ಈ ಬೀಗ ಜಗಳವಿಲ್ಲದೆ ಬಂತು. 2011ರ ಕಾಯ್ದೆ ತಿದ್ದುಪಡಿ ಮೇಲೆ ಕೇಬಲ್ ಡಿಜಿಟಲ್ ಆಯ್ತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31 ಗಡುವು, ಹಳ್ಳಿಗಳಿಗೆ ಕೊನೆಗೆ 2017ರ ಮಾರ್ಚ್ 31. ಸೆಟ್‌ಟಾಪ್ ಬಾಕ್ಸ್ ಹಾಕಿಸಿ, ಇಲ್ಲದಿದ್ರೆ ಟಿವಿ ಬರಲ್ಲ ಅಂದರು, ಜನ ಹಾಕಿಸಿದರು. ಎನ್‌ಕ್ರಿಪ್ಟ್ ಮಾಡಿ ಕಳಿಸಲೇಬೇಕು ಅನ್ನೋದು ಆ ವ್ಯವಸ್ಥೆಯ ಬುನಾದಿ. ದುಡ್ಡು ಕೊಟ್ಟು ನೋಡುವ ಚಾನೆಲ್‌ಗೆ ಅದು ನ್ಯಾಯವೂ ಹೌದು. ಆದರೆ ದುಡ್ಡು ಕೊಟ್ಟಾದ ಮೇಲೆ ಮಾಡಿದ ರೆಕಾರ್ಡಿಂಗ್ ಯಾರದ್ದು ಅನ್ನೋ ಮಾತು ಎಲ್ಲೂ ಚರ್ಚೆಗೆ ಬರಲಿಲ್ಲ.

ಕಾನೂನಿನಲ್ಲಿ ಎರಡೂ ಕಡೆಗೂ ಮಾತಿದೆ. ಖಾಸಗಿ, ಸ್ವಂತ ಬಳಕೆಗೆ ನ್ಯಾಯಯುತವಾಗಿ ಬಳಸಿಕೊಳ್ಳೋದನ್ನು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಉಲ್ಲಂಘನೆ ಅನ್ನಲ್ಲ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ದಂಡ. ಹಾಗಾಗಿ ರೆಕಾರ್ಡಿಂಗ್ ಬಿಡಿಸಿಕೊಡ್ತೀವಿ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕೋಕೆ ಹೊರಟವರು ಒಮ್ಮೆ ವಕೀಲರನ್ನು ಕೇಳೋದು ವಾಸಿ.

ಯಾವ ಕಂಪನಿಯ ಬಾಕ್ಸ್ ಆದರೂ ಯಾವ ಕಂಪನಿಗೂ ನಡೆಯುವಂತಿರಬೇಕು ಅಂತ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತ್ತು. ಇವತ್ತಿಗೂ ಡಿಟಿಎಚ್ ಕಂಪನಿ ಬದಲಿಸಿದವರ ಮನೆ ಅಟ್ಟದಲ್ಲಿ ಹಳೇ ಬಾಕ್ಸ್ ಧೂಳು ತಿನ್ನುತ್ತಿರುತ್ತೆ. ಫ್ರೀ ಡಿಶ್‌ಗೂ ಐಕ್ಯಾಸ್ ಅನ್ನೋ ಎನ್‌ಕ್ರಿಪ್ಷನ್ ವ್ಯವಸ್ಥೆಯ ಬಾಕ್ಸ್‌ಗಳು ಬಂದಿವೆ. ಸಾದಾ ಬಾಕ್ಸ್‌ನಲ್ಲಿ ತೆರೆದೇ ಸಿಗುವ ಚಾನೆಲ್‌ಗಳು ಎಷ್ಟು ದಿನ ಹಾಗೇ ಇರುತ್ತವೆ ಅನ್ನೋದು ಪ್ರಸಾರ ಭಾರತಿ ಕೈಯಲ್ಲಿದೆ.

ಹಬ್ಬದ ಆಫರ್‌ನಲ್ಲಿ ಟಿವಿ, ಬಾಕ್ಸ್ ಕೊಳ್ಳೋಕೆ ಬಂದವರು ಕೌಂಟರ್‌ನಲ್ಲಿ "ಅಣ್ಣಾ, ರೆಕಾರ್ಡ್ ಆಗುತ್ತಾ?" ಅಂತ ಕೇಳುತ್ತಾರೆ. ಆಗುತ್ತೆ ಅನ್ನೋದೇ ಉತ್ತರ, ಅದು ಸುಳ್ಳೂ ಅಲ್ಲ. ಅಂಗಡಿಯಲ್ಲೇ ಐದು ನಿಮಿಷ ರೆಕಾರ್ಡ್ ಮಾಡಿಸಿ, ಆ ಪೆನ್‌ಡ್ರೈವ್‌ನ್ನು ಪಕ್ಕದಲ್ಲಿರುವ ಬೇರೆ ಟಿವಿಗೋ ಬಿಲ್ ಹಾಕುವ ಕಂಪ್ಯೂಟರ್‌ಗೋ ಸಿಕ್ಕಿಸಿ ನೋಡಿದರೆ ಬೀಗ ಇದೆಯೋ ಇಲ್ಲವೋ ದುಡ್ಡು ಕೊಡುವ ಮೊದಲೇ ಗೊತ್ತಾಗುತ್ತೆ.